ಜಾಮೀನು ಸಿಗದ ಹೊಲಿಗೆ ಮಿಷನ್ನು

ಕೋರ್ಟಿನ ಮೊಗಸಾಲೆಯಲ್ಲಿ ಆಕೆಯನ್ನು ಮೊದಲ ಸಲ ಕಂಡಾಗ ಆಕೆಯೇ ಆರೋಪಿ ಎಂದುಕೊಂಡಿದ್ದೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಆಕೆ ಗೋಡೆಗೊರಗಿ ತಲೆತಗ್ಗಿಸಿ ನಿಂತಿದ್ದಳು; ಎದುರಿನ ಬೆಂಚಿನ ಮೇಲೆ ಇಸ್ತ್ರಿ ಅಂಗಿಯ ಮಹಾಶಯನೊಬ್ಬ ಕಾಲ ಮೇಲೆ ಕಾಲು ಹಾಕಿ ಪೇದೆಯ ಜೊತೆ ಟೀ ಕುಡಿಯುತ್ತಿದ್ದ. ಕಳ್ಳ ಅವನೇ. ಕದ್ದದ್ದು ಆಕೆಯ ಹೊಲಿಗೆ ಮಿಷನ್ನು.

ಅಕ್ಕನ ಪಕ್ಕ ಕೂತು ಹೊಲಿಗೆ ಕಲಿತು, ಬೀದಿಯ ಅರ್ಧ ಮಕ್ಕಳ ಶಾಲಾ ಸಮವಸ್ತ್ರ ಹೊಲಿದವಳು ಆಕೆ. ಕಳ್ಳ ವಾರದೊಳಗೇ ಮಾಲಿನ ಸಮೇತ ಸಿಕ್ಕಿಬಿದ್ದ. ಆದರೆ ಮಿಷನ್ನು ಈಗ ಸಾಕ್ಷಿಯಂತೆ! ತೀರ್ಪು ಬರುವವರೆಗೆ ಠಾಣೆಯ ಹಿಂದಿನ ಕೋಣೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿರಬೇಕು. ಕಳ್ಳನಿಗೆ ಜಾಮೀನು ಸಿಕ್ಕಿತು, ಮಿಷನ್ನಿಗೆ ಸಿಗಲಿಲ್ಲ. ಗಿರಾಕಿಗಳು ಬೇರೆ ದರ್ಜಿಯನ್ನು ಹುಡುಕಿಕೊಂಡರು. ಆಕೆ ನಾದಿನಿಯ ಮನೆಯಲ್ಲಿ ಕೂತು ಗುಂಡಿ ಹಚ್ಚಿಕೊಡುತ್ತಾ, ಪ್ರತಿ ವಿಚಾರಣೆಗೂ ಬಂದು ನಿಲ್ಲುತ್ತಾಳೆ.

"ಮಿಷನ್ ಯಾವಾಗ ಕೊಡ್ತೀರಣ್ಣ?"

"ಏನಮ್ಮಾ ನೀನು, ನಿಂಗೆ ನ್ಯಾಯ ಬೇಕೋ, ಮಿಷನ್ ಬೇಕೋ?" ಎಂದು ಪೇದೆ ರೇಗಿದ.

"ಎರಡೂ ನಿಮ್ಮ ಹತ್ರಾನೇ ಇದೆಯಲ್ಲಣ್ಣ."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಾಹೇಬರ ಸವಾರಿ ಬಂತು. ಇದೇ ಕಳ್ಳನನ್ನು ಹಿಡಿದದ್ದಕ್ಕೆ ಅವರಿಗೆ ಪದಕ ಸಿಕ್ಕಿತ್ತು. ಎದೆಯ ಮೇಲೆ ಅದನ್ನು ನೆಟ್ಟಗೆ ಮಾಡಿಕೊಳ್ಳುತ್ತಾ, ನಾಲ್ಕು ಜನರಿಗೆ ಕೇಳಿಸುವ ಹಾಗೆ ವಿಚಾರಿಸಿದರು:

"ಏನಮ್ಮಾ, ನಮ್ಮ ಕೆಲಸ ನೋಡಿ ಖುಷಿ ಆಯ್ತಾ?"

"ಕಳ್ಳ ಮಿಷನ್ ಹೊತ್ಕೊಂಡು ಹೋದಾಗ ಕತ್ತರೀನಾದ್ರೂ ಬಿಟ್ಟಿದ್ದ ಸ್ವಾಮಿ. ನೀವು ಬಂದು ಸಾಕ್ಷಿ ಅಂತ ಅದನ್ನೂ ಹೊತ್ಕೊಂಡು ಹೋದ್ರಿ."