ಒಂದೇ ಕ್ಯಾನಿನ ಸದ್ದು

ಬಂಗಾರಪೇಟೆ ಹತ್ತಿರದ ಆ ಊರಿನ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದರು. ಯಾವ ಮನೆಯಲ್ಲಾದರೂ ಗಂಡ ಕೈ ಮಾಡಿದನೆಂದರೆ, ಡೈರಿಗೆ ಹಾಲು ಹಾಕುವವರೆಲ್ಲ ಖಾಲಿ ಕ್ಯಾನ್ ಹಿಡಿದು ಆ ಮನೆ ಮುಂದೆ ನಿಂತು ಬಡಿಯುವುದು. ಬೈಗುಳವಿಲ್ಲ, ಪಂಚಾಯ್ತಿಯಿಲ್ಲ. ಅವನು ತಲೆ ತಗ್ಗಿಸಿ ಹೊರಗೆ ಬರುವವರೆಗೆ ಬರೀ ಸದ್ದು. ಇದನ್ನು ಶುರುಮಾಡಿದವರು ನನ್ನ ತಂಗಿಯ ಅತ್ತೆ. ಅಂಥ ಅತ್ತೆ ಇರುವ ಮನೆಯೆಂದೇ ನಾವು ಅವಳನ್ನು ಅಲ್ಲಿಗೆ ಕೊಟ್ಟದ್ದು. ವಿಶ್ವವಿದ್ಯಾಲಯದಲ್ಲಿ ಓದಿ ಎಲ್ಲವನ್ನೂ ಅನುಮಾನಿಸಲು ಕಲಿತಿದ್ದ ನಾನೂ ಇದೊಂದನ್ನು ನಂಬಿದ್ದೆ.

ಆ ಸಂಜೆ ತಂಗಿಯನ್ನು ನೋಡಲು ಹೋಗಿ ಡೈರಿ ಹತ್ತಿರ ಆಟೋ ಇಳಿದಾಗ ಸದ್ದು ಕೇಳಿಸಿತು. ನನ್ನ ನೆನಪಿನಲ್ಲಿ ಅದು ಹತ್ತಾರು ಕ್ಯಾನ್‌ಗಳ ಸದ್ದು. ಆದರೆ ಹೆಂಗಸರೆಲ್ಲ ಡೈರಿ ಸಾಲಿನಲ್ಲೇ ನಿಂತಿದ್ದದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಿಜವಾಗಿರಲಾರವು.

"ಯಾರ ಮನೇಲಿ?" ಎಂದೆ.

ಸಾಲಿನ ಒಬ್ಬಾಕೆ ನೆಲ ನೋಡುತ್ತಾ, "ನಿಮ್ ತಂಗಿ ಮನೇಲೇ ಕಣಣ್ಣ. ಯಾರೂ ಬರ್ಬ್ಯಾಡಿ, ನಾನೇ ನೋಡ್ಕಂತೀನಿ ಅಂತ ಅವ್ರ ಅತ್ತೇನೇ ಅಂದವ್ರೆ" ಎಂದಳು.

ಓಡಿದೆ. ಅಂಗಳದಲ್ಲಿ ತಂಗಿ, ತುಟಿ ಒಡೆದು ರಕ್ತ ಸುರಿಯುತ್ತಿದ್ದಂತೆಯೇ, ತನ್ನ ಕ್ಯಾನನ್ನು ತಾನೇ ಕಲ್ಲಿನಿಂದ ಬಡಿಯುತ್ತಿದ್ದಳು. ಅತ್ತೆ ಅವಳ ಕೈ ಹಿಡಿದು ಎಳೆಯುತ್ತಿದ್ದರು.

"ಸುಮ್ಕಿರೇ, ಊರೆಲ್ಲ ಕೇಳ್ತದೆ!"

"ಕೇಳ್ಲಿ ಅಂತಾನೇ ಬಡೀತಿರೋದು. ನೀವೇ ತಾನೆ ಕಲಿಸ್ಕೊಟ್ಟಿದ್ದು?"

"ಅದು ಬ್ಯಾರೇರ ಮನೇಗೆ ಕಣೇ!"

ಅವಳನ್ನು ಆಂಡರ್ಸನ್‌ಪೇಟೆಯ ನಮ್ಮ ಮನೆಗೆ ಕರೆತಂದೆ. ಪೊಲೀಸರಿಗೆ ದೂರು ಕೊಟ್ಟೆವು. ಸಾಕ್ಷಿ ಹೇಳಲು ಡೈರಿ ಸಾಲಿನಿಂದ ಒಬ್ಬರೂ ಬರಲಿಲ್ಲ. ಅವರಲ್ಲಿ ಎಷ್ಟೋ ಮಂದಿಯ ಬಾಗಿಲಲ್ಲಿ ನನ್ನ ತಂಗಿ ನಿಂತು ಕ್ಯಾನ್ ಬಡಿದಿದ್ದಳು.

ಈ ಸಲದ ಮಹಿಳಾ ದಿನಾಚರಣೆಗೆ ಮುಂಚೆ ಅತ್ತೆ ನಮ್ಮ ಮನೆಗೆ ಬಂದರು, ಕೈಯಲ್ಲಿ ತಂಗಿ ಆವತ್ತು ಬಡಿದಿದ್ದ ಅದೇ ಕ್ಯಾನ್.

"ನೆಗ್ಗೆಲ್ಲ ತೆಗೆಸ್ಕಂಡ್ ಬಂದಿವ್ನಿ ನೋಡಮ್ಮ, ಒಸಾದ್ರಂಗೈತೆ. ಬಂಗಾರಪೇಟೆ ಸ್ಟೇಜ್ ಮ್ಯಾಲೆ ನನ್ನ ಭಾಷಣ ಐತೆ. ನೀನು ಪಕ್ಕದಾಗ್ ನಿಂತ್ಕಬೇಕು."

ತಂಗಿ ಕ್ಯಾನಿನ ಮೈ ಸವರಿದಳು. ಆ ಸಂಜೆಗೆ ಸಾಕ್ಷಿಯೆಂದು ನನ್ನ ನೆನಪಿಗಿಂತ ಆ ನೆಗ್ಗುಗಳನ್ನೇ ನಾನು ಹೆಚ್ಚು ನೆಚ್ಚಿಕೊಂಡಿದ್ದೆ. ಒಂದೂ ಉಳಿದಿರಲಿಲ್ಲ.

"ಯಾರ್ನ ಕೇಳಿ ತೆಗೆಸಿದ್ರಿ, ಅತ್ತೆ?"

ಉತ್ತರಕ್ಕೆ ಕಾಯದೆ ಅವಳು ಒರಳಿನ ಗುಂಡುಕಲ್ಲು ತಂದು, ಹೊಸ್ತಿಲ ಮೇಲೆ ಕ್ಯಾನ್ ಇಟ್ಟು ಬಡಿಯತೊಡಗಿದಳು. ಎದುರುಮನೆಯಾಕೆ ಹಿಟ್ಟಿನ ಕೈಯಲ್ಲೇ ಓಡಿಬಂದು, "ಎನ್ನಾಚ್ಚಮ್ಮಾ?" ಎಂದು ತಮಿಳಿನಲ್ಲಿ ಏನಾಯಿತೆಂದು ಕೇಳಿದಳು.

"ಏನಿಲ್ಲ ಓಗಮ್ಮ, ಮನೆ ವಿಷ್ಯ," ಎಂದರು ಅತ್ತೆ.

ಎದುರುಮನೆಯಾಕೆ ಹೋಗಲಿಲ್ಲ. ಆವತ್ತು ಆ ಊರಲ್ಲಿ ಕೇಳಿದ್ದೂ ಹೀಗೇ ಒಂದೇ ಕ್ಯಾನಿನ ಸದ್ದೆಂದು, ಅಲ್ಲಿ ನಿಂತು ಕೇಳುತ್ತಿದ್ದ ನನಗೆ ಖಾತ್ರಿಯಾಯಿತು.