ಕಪ್ಪು ಅಂಚು ತೆಗೆದ ಮೇಲೆ

ನಾನು ಮೊದಲಿನಿಂದಲೂ ಅಂಜುಬುರುಕಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಓಣಿಯ ತುದಿಯಿಂದ ಮನೆಗೆ ವಾಪಸ್ ಬಂದು ನೋಡುವವಳು, ಬಸ್ಸಿನ ಟಿಕೆಟನ್ನು ಇಳಿಯುವವರೆಗೂ ಮುಷ್ಟಿಯಲ್ಲೇ ಹಿಡಿದಿರುವವಳು. ಇಂಥವಳ ಹಣೆಗೆ ಬರೆದ ನೌಕರಿಯಾದರೂ ಎಂಥದ್ದು ನೋಡಿ: ಡ್ರೋನ್ ಹಾರಿಸಿ ತೆಗೆದ ಊರುಗಳ ಚಿತ್ರವನ್ನು ಒಂದು ಬಗೆಯ ಫೈಲಿನಿಂದ ಇನ್ನೊಂದು ಬಗೆಯ ಫೈಲಿಗೆ ಬದಲಾಯಿಸುವುದು. ಒಂದೊಂದು ಊರಿನ ಚಿತ್ರವೂ ಮಾಮೂಲಿ ಕಂಪ್ಯೂಟರು ತೆರೆಯಲು ಹೋಗಿ ಮಕಾಡೆ ಮಲಗುವಷ್ಟು ದೊಡ್ಡದು. ಬದಲಾವಣೆ ನಡೆಯುವಾಗ ಪರದೆಯ ಮೇಲೆ ಹಸಿರು ಪಟ್ಟಿಯೊಂದು ನಿಧಾನಕ್ಕೆ ತುಂಬುತ್ತಾ ಹೋಗುತ್ತದೆ. ಅದು ಕೊನೆಯ ಗೇಣು ದೂರದಲ್ಲಿ ನಿಂತಾಗಲೆಲ್ಲ ನಾನು ಎದ್ದು ಹೋಗಿ ಪ್ಲಗ್ಗು ಗಟ್ಟಿಯಾಗಿದೆಯೇ ಎಂದು ನೋಡಿ ಬರುತ್ತಿದ್ದೆ.

ನಮ್ಮ ಆಫೀಸು ಸ್ಟೇಶನ್ ಬಜಾರದಲ್ಲಿ, ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿತ್ತು. ಮಾಲೀಕರು, ನನಗಿಂತ ಹಿರಿಯನಾದ ಒಬ್ಬ ಸಹೋದ್ಯೋಗಿ, ಮತ್ತು ನಾನು. ಡ್ರೋನಿನವರು ಊರೂರಿಗೆ ಹೋಗಿ ಪ್ರತಿ ಮನೆಯ ಸುತ್ತ ಸುಣ್ಣದ ಗೆರೆ ಹಾಕಿಸಿ ಮೇಲಿನಿಂದ ಚಿತ್ರ ತೆಗೆಯುತ್ತಿದ್ದರು. ಆ ಬಿಡಿ ಚಿತ್ರಗಳನ್ನು ಜೋಡಿಸಿ ಇಡೀ ಊರಿನ ಒಂದೇ ಚಿತ್ರ ಮಾಡುವುದು, ಅದನ್ನು ಬೇಕಾದ ಬಗೆಯ ಫೈಲಿಗೆ ಇಳಿಸಿ ಕೊಡುವುದು ನಮ್ಮ ಪಾಲಿಗೆ. ಅದನ್ನು ನೋಡಿಕೊಂಡು ಅಧಿಕಾರಿಗಳು ಮನೆಯವರಿಗೆ ಆಸ್ತಿ ಕಾರ್ಡು ಮಾಡುತ್ತಿದ್ದರು. ಚಿತ್ರದಲ್ಲಿ ಮನೆ ಇದ್ದರೆ ಕಾರ್ಡು, ಇಲ್ಲದಿದ್ದರೆ ಖಾಲಿ ಜಾಗ.

ಕಮಲಾಪುರದಲ್ಲಿ ಸುಣ್ಣ ಹಾಕಿದ ದಿನ ನಾನೂ ಡ್ರೋನಿನವರ ಜೊತೆ ಹೋಗಿದ್ದೆ. ಆ ಊರಿನ ಒಂದು ಮಗ್ಗುಲಿಗೆ ಕೆಂಪು ಮಣ್ಣು, ಇನ್ನೊಂದು ಮಗ್ಗುಲಿಗೆ ಎರೆ, ಕಪ್ಪು ಮಣ್ಣು. ಎರೆಹೊಲದ ಕಡೆ, ಊರಿನ ಕಟ್ಟಕಡೆಯ ಮನೆ ಒಬ್ಬ ವಿಧವೆ ಹೆಂಗಸಿನದು. ಉರ್ದುವಿನಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಖಾಲಾ ಎಂದು ಕರೆದೆ, ಹಾಗೆಯೇ ರೂಢಿಯಾಯಿತು. ರಾತ್ರಿಯೆಲ್ಲ ಮಳೆ ಬಂದು ಹೊಲ ಒದ್ದೆಯಾಗಿ ಕರ್ರಗೆ ಮಿರುಗುತ್ತಿತ್ತು. ಖಾಲಾ ತಗಡಿನ ಮಾಡು ಸೋರುತ್ತದೆಂದು ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿದ್ದರು. ನಮಗೆಲ್ಲ ಚಹಾ ಕೊಟ್ಟರು, ಅಲ್ಲಿನ ಕೆಂಪು ಬಾಳೆಹಣ್ಣು ಕೊಟ್ಟರು. ಸುಣ್ಣದ ಬುಟ್ಟಿಯನ್ನು ಮಾತ್ರ ಯಾರ ಕೈಗೂ ಬಿಡದೆ ತಾವೇ ಬಗ್ಗಿ ಬಗ್ಗಿ ಗೆರೆ ಹಾಕಿದರು.

"ನಾ ಇಲ್ಲಿ ಮದುವಿಯಾಗಿ ಬಂದಾಕಿ ಬೇಟಾ," ಎಂದರು. "ಈಗ ಬಾಜೂ ಹೊಲದವರು ಇದು ಹೊಲದ ಜಾಗ ಅನ್ನಾಕತ್ಯಾರ. ಕಾರ್ಡ್ ಬಂದ್ರ ಬಾಯಿ ಮುಚ್ಚತಾರ. ಮ್ಯಾಲಿಂದ ಎಲ್ಲಾ ಕಾಣ್ತದಲ್ಲ?"

"ಎಲ್ಲಾ ಕಾಣ್ತದ್ರಿ ಖಾಲಾ, ಅಂಜಬ್ಯಾಡ್ರಿ," ಎಂದೆ. ಇನ್ನೊಬ್ಬರಿಗೆ ಅಂಜಬೇಡ ಎನ್ನುವುದರಲ್ಲಿ ನಾನು ಯಾವತ್ತೂ ಮುಂದು.

ಖಾಲಾ ತಾಡಪತ್ರಿಯ ಕಡೆ ಕೈ ಮಾಡಿ, ಅದನ್ನು ಇಡಿಯಾಗಿ ಕೊಂಡು ತಂಗಿಯೂ ತಾವೂ ಅರ್ಧರ್ಧ ಹಂಚಿಕೊಂಡ ಕತೆ ಹೇಳಿದರು. ತಂಗಿಯ ಮನೆ ಇನ್ನೊಂದು ಊರಿನಲ್ಲಿ, ಅದೂ ಹೊಲದ ಪಕ್ಕಕ್ಕೇ ಇದೆಯಂತೆ. ಅಷ್ಟರಲ್ಲಿ ಡ್ರೋನ್ ಗುಂಯ್ ಎಂದು ಎದ್ದಿತು. ಖಾಲಾ ಸೆರಗು ಎಳೆದುಕೊಂಡು ಅಂಗಳದ ನಡುವೆ ನಿಂತು ಮೇಲೆ ನೋಡಿದರು.

ಕಮಲಾಪುರದ ಚಿತ್ರ ನಮ್ಮನ್ನು ಚೆನ್ನಾಗಿ ಆಟವಾಡಿಸಿತು. ಮೊದಲ ಸಲ ಫೈಲು ನಾಲ್ಕು ಜಿಬಿ ಮುಟ್ಟುತ್ತಲೇ ಕೆಲಸ ನಿಂತುಬಿಟ್ಟಿತು. ಹಳೆಯ ಮಾದರಿಯ ಟಿಫ್ ಫೈಲಿಗೆ ಅದಕ್ಕಿಂತ ದೊಡ್ಡದಾಗಲು ಬರುವುದಿಲ್ಲ. ದೊಡ್ಡ ಫೈಲಿಗೆಂದೇ ಟಿಫ್‌ನಲ್ಲಿ ಇನ್ನೊಂದು ಬಗೆ ಇದೆ, ಅದನ್ನು ಆರಿಸಬೇಕು. ಆರಿಸಿದೆವು. ಅದು ಅಧಿಕಾರಿಗಳ ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಸರಿ, ಜೆಪೆಗ್ ರೀತಿಯಲ್ಲಿ ಒತ್ತಿ ಸಣ್ಣದು ಮಾಡಿದೆವು. ಆಗ ಮಾಲೀಕರು ಬಂದು ಕಪ್ಪು ಅಂಚಿನ ತಕರಾರು ತೆಗೆದರು.

ಊರು ಅಂಕುಡೊಂಕು, ಚಿತ್ರದ ಫೈಲು ಮಾತ್ರ ಚೌಕ. ಊರಿನ ಸುತ್ತ ಉಳಿಯುವ ಜಾಗಕ್ಕೆ ಕಂಪ್ಯೂಟರು ಕಪ್ಪು ತುಂಬುತ್ತದೆ. ಮಾಲೀಕರಿಗೆ ಅದು ಕಂಡರಾಗದು. "ಮಂದಿಗಿ ಮನಿ ಪತ್ರ ಕೊಡೋ ಶುಭಕಾರ್ಯ ಇದು, ಸುತ್ತ ಕರಿ ಇಟ್ಟು ಕೊಡ್ತೀರೇನು? ತೆಗೀರಿ ಅದನ್ನ," ಎಂದು ಪ್ರತಿ ಊರಿಗೂ ಹೇಳುತ್ತಿದ್ದರು. ತೆಗೆಯುವುದೇನು ಸುಲಭವಲ್ಲ. ಒತ್ತಿ ಸಣ್ಣದು ಮಾಡಿದ ಚಿತ್ರದಲ್ಲಿ ಅಂಚಿನ ಕಪ್ಪು ಅಚ್ಚಗಪ್ಪಾಗಿ ಉಳಿಯದೆ ಅಲ್ಲಲ್ಲಿ ಮಾಸಿರುತ್ತದೆ. ಅಚ್ಚಗಪ್ಪನ್ನಷ್ಟೇ ಅಳಿಸಿದರೆ ಮಾಸಿದ ಚುಕ್ಕೆಗಳು ಊರ ಸುತ್ತ ನೊಣಗಳಂತೆ ಕೂತುಬಿಡುತ್ತವೆ. ಸಹೋದ್ಯೋಗಿ ಅದಕ್ಕೊಂದು ಉಪಾಯ ಹುಡುಕಿದ್ದ: ಕಪ್ಪನ್ನೂ ಕಪ್ಪಿಗೆ ಹತ್ತಿರದ ಬಣ್ಣವನ್ನೂ ಅಂಚಿನಿಂದ ಒಳಕ್ಕೆ ಅಳಿಸುತ್ತಾ ಹೋಗು, ಬೇರೆ ಬಣ್ಣ ಎಳೆಯಷ್ಟೇ ಇದ್ದರೆ ದಾಟು, ಅಗಲವಾಗಿ ಸಿಕ್ಕ ಕೂಡಲೇ ನಿಲ್ಲು ಎಂದು ಕಂಪ್ಯೂಟರಿಗೆ ಹೇಳುವುದು. ಎಷ್ಟೋ ಊರುಗಳನ್ನು ಹೀಗೆಯೇ ಮಾಡಿ ಕೊಟ್ಟಿದ್ದೆವು. ಮಾಲೀಕರು ಅವನ ಬೆನ್ನು ತಟ್ಟಿದ್ದರು.

ಕಮಲಾಪುರವೂ ಹಾಗೆಯೇ ತಯಾರಾಯಿತು. ನಾನು ಹೆದರಿ ಹೆದರಿ ಮೂರು ಸಲ ನೋಡಿದೆ. ನೋಡಿದ್ದೆಲ್ಲ ನಡುವಿನ ಮನೆಗಳನ್ನು: ಗೆರೆ ಸ್ಪಷ್ಟ ಇದೆಯೇ, ಬಣ್ಣ ಕೆಟ್ಟಿದೆಯೇ. ಅಂಚು ಹೇಗೂ ಅಂಕುಡೊಂಕು, ಅದನ್ನೇನು ನೋಡುವುದು? ಆಮೇಲೆ ಹಾರ್ಡ್ ಡಿಸ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಹೊರಡುವಾಗ ಅಸಲು ಚಿತ್ರವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದೇ ಬಿಟ್ಟಿದ್ದೆ. ಇದೊಂದು ನನ್ನ ಹಳೆಯ ಚಟ. ಕೊಟ್ಟದ್ದು ಅಲ್ಲಿ ಸರಿಯಾಗಿ ತೆರೆಯಿತು ಎಂದು ಖಾತ್ರಿಯಾಗುವವರೆಗೆ ಇಲ್ಲಿ ಅಸಲನ್ನು ಮುಚ್ಚಲು ನನಗೆ ಧೈರ್ಯ ಬರುವುದಿಲ್ಲ. "ಮುಚ್ಚಿದ್ರ ಊರು ಓಡಿ ಹೋಗ್ತದೇನು?" ಎಂದು ಸಹೋದ್ಯೋಗಿ ಕಾಡುತ್ತಿದ್ದ.

ಸಮುದಾಯ ಭವನದಲ್ಲಿ ಜನ ತುಂಬಿದ್ದರು. ಸುಣ್ಣ ಬಳಿದ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಊರಿನ ಚಿತ್ರ ಬಿತ್ತು. ಎಲ್ಲರೂ ಎದ್ದು ಬಂದು ತಂತಮ್ಮ ಮಾಳಿಗೆ, ತಂತಮ್ಮ ಬೇವಿನ ಮರ ಹುಡುಕುತ್ತಾ ಗದ್ದಲ ಎಬ್ಬಿಸಿದರು. ತಕರಾರಿದ್ದವರು ಹೇಳಬೇಕು, ಅಧಿಕಾರಿ ಬರೆದುಕೊಳ್ಳಬೇಕು, ಅಷ್ಟೇ ಕೆಲಸ. ಆ ಗದ್ದಲದೊಳಗಿಂದ ಖಾಲಾ ನನ್ನ ತೋಳು ಹಿಡಿದರು.

"ನನ್ನ ಮನಿ ಎಲ್ಲಿ ಅದ ಬೇಟಾ?"

ತೋರಿಸಲು ಕೈ ಎತ್ತಿದೆ. ಅವರ ಓಣಿ ಇತ್ತು. ಓಣಿಯ ಕೊನೆಯ ಮನೆಗಿಂತ ಮೊದಲಿನ ಮನೆಯೂ ಇತ್ತು. ಅದರಾಚೆ ಬರೀ ಗೋಡೆ, ಗೋಡೆಯ ಸುಣ್ಣ. ನನ್ನ ಕೈ ಎತ್ತಿದಲ್ಲೇ ಉಳಿಯಿತು. ಕೆಂಪು ಮಣ್ಣಿನ ಕಡೆ ಊರಿನ ಅಂಚು ನೆಟ್ಟಗಿತ್ತು, ಹೊಲಗಳೂ ಇದ್ದವು. ಎರೆಯ ಕಡೆ ಹೊಲವೇ ಇರಲಿಲ್ಲ. ಒಂದೇ ಕ್ಷಣಕ್ಕೆ ಎಲ್ಲ ತಿಳಿಯಿತು. ಮಳೆ ಬಿದ್ದ ಎರೆಮಣ್ಣನ್ನು ಕಂಪ್ಯೂಟರು ಕಪ್ಪು ಅಂಚೆಂದೇ ತಿಳಿದು ಅಳಿಸುತ್ತಾ ಬಂದಿತ್ತು. ಹೊಲ ಮುಗಿದಲ್ಲಿ ಎಳೆಯಂಥ ಸುಣ್ಣದ ಗೆರೆಯನ್ನು ದಾಟಿದರೆ ತಾಡಪತ್ರಿ ಸಿಕ್ಕಿತ್ತು, ಅದೂ ಕಪ್ಪೇ. ಅಂಗಳ, ಸುಣ್ಣದ ಗೆರೆಯ ಚೂರುಪಾರು, ಎಲ್ಲ ಅದರ ಜೊತೆಗೇ ಹೋಗಿತ್ತು.

ಅಧಿಕಾರಿ ಕನ್ನಡಕ ಏರಿಸಿ ನೋಡಿದರು. "ಫೋಟೋದಾಗ ಮನಿ ಇಲ್ಲಲ್ರಿ. ಖುಲ್ಲಾ ಜಾಗ ಅಂತ ಬರೀಬೇಕಾಗ್ತದ."

ಬಾಜೂ ಹೊಲದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಿಶ್ಚಿಂತೆಯಿಂದ ಎಲೆಗೆ ಸುಣ್ಣ ಸವರುತ್ತಿದ್ದರು. ಅವರು ಜಗಳಕ್ಕೆ ಬಂದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಖಾಲಾ ಒಮ್ಮೆ ಗೋಡೆ ನೋಡುವುದು, ಒಮ್ಮೆ ನನ್ನ ಮುಖ ನೋಡುವುದು. ನಾನು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಆದರೂ ಹೇಗೋ ಹೇಳಿದೆ: "ಮನಿ ಅದ್ರಿ ಸಾಹೇಬ್ರ. ನಾನೇ ಕಣ್ಣಾರ ನೋಡೀನಿ. ಫೋಟೋ ಬದಲಿ ಮಾಡೂ ಮುಂದ ಹೋಗ್ಯದ."

"ಅಸಲು ಅದ ಇಲ್ಲ? ನಾಳಿ ಮುಂಜಾನಿ ತಂದು ತೋರಸ್ರಿ. ಅಲ್ಲೀತನಕ ಬರೆಯಂಗಿಲ್ಲ," ಎಂದರು ಅಧಿಕಾರಿ.

ಅಸಲು ಅನ್ನುತ್ತಲೇ ನನಗೆ ಆಫೀಸಿನ ರೂಢಿ ನೆನಪಾಯಿತು. ಕೊಟ್ಟಾದ ಊರುಗಳ ಅಸಲನ್ನು ಆಗಾಗ ಒಟ್ಟಿಗೆ ಅಳಿಸಿಬಿಡುವುದು. ನಮ್ಮಿಬ್ಬರ ಕಂಪ್ಯೂಟರಿಗೂ ಸೇರಿ ಇರುವುದು ಒಂದೇ ಡಿಸ್ಕು, ಮುಂದಿನ ಊರಿಗೆ ಅದರಲ್ಲಿ ಜಾಗ ಬೇಕು. ಡ್ರೋನಿನವರೂ ತಮ್ಮ ಮೆಮೊರಿ ಕಾರ್ಡನ್ನು ಒರೆಸಿ ಹೊಸ ಊರಿಗೆ ಹೋಗಿರುತ್ತಾರೆ. ಅಷ್ಟು ದೊಡ್ಡ ಫೈಲುಗಳನ್ನು ಅಳಿಸಿದರೆ ಕಸದಬುಟ್ಟಿಗೂ ಬೀಳುವುದಿಲ್ಲ, ನೇರವಾಗಿ ಮಾಯ. ನಾನು ಬೆಳಿಗ್ಗೆ ಹೊರಟಾಗ ಸಹೋದ್ಯೋಗಿ ಚಹಾ ಹೀರುತ್ತಾ, "ಇವತ್ತ ಡಿಸ್ಕ್ ಸಾಫ್ ಮಾಡ್ತೇನಿ," ಎಂದಿದ್ದ.

ಹೊರಗೆ ಬಂದು ಅವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಬಸ್ಸು ಹತ್ತಿ ಮತ್ತೆ ಮಾಡಿದೆ. ಎತ್ತಲಿಲ್ಲ. ಮಾಲೀಕರ ಫೋನು ಬಂದ್ ಆಗಿತ್ತು. ಅವತ್ತಿನ ಆ ದಾರಿಯನ್ನು ನಾನು ಮರೆಯುವುದು ಸಾಧ್ಯವಿಲ್ಲ. ಕಂಡಕ್ಟರು ಹಾಸ್ಯ ಮಾಡುತ್ತಿದ್ದ, ಜನ ನಗುತ್ತಿದ್ದರು, ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬರುತ್ತಿತ್ತು. ಕಣ್ಣು ಮುಚ್ಚಿದರೆ ಬಿಳಿ ಗೋಡೆ. ಕಪನೂರಿನಲ್ಲಿ ಲಾರಿಗಳ ಸಾಲಿಗೆ ಸಿಕ್ಕಿ ಬಸ್ಸು ನಿಂತಿತು. ಒಂದು ಕ್ಷಣಕ್ಕೆ ಒಂದು ಮನೆ ಅಳಿಯುತ್ತಿದೆ ಎಂದೇ ನನಗೆ ಅನ್ನಿಸತೊಡಗಿತು. ಇಳಿದು ಆಟೋ ಹಿಡಿದೆ. ದೇವರಿಗೆ ಏನೇನು ಹರಕೆ ಹೊತ್ತೆನೋ, ಅವುಗಳಲ್ಲಿ ಕೆಲವನ್ನು ಇನ್ನೂ ತೀರಿಸಿಲ್ಲ.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಸಹೋದ್ಯೋಗಿ ಪರದೆಗೆ ಬಯ್ಯುತ್ತಿದ್ದ.

"ಬಂದಿ ಏನು? ನೋಡಿಲ್ಲಿ, ನಿನ್ನ ಕಮಲಾಪುರ ಒಂದು ಅಳಿಸವಲ್ದು. ಮುಂಜಾನಿಂದ ಒತ್ತಾಕತ್ತೀನಿ. ಎಲ್ಲೋ ತೆರದದ ಅಂತದ."

ಪರದೆಯ ಮೇಲೆ ಸಣ್ಣ ಚೌಕದಲ್ಲಿ ಎರಡು ಸಾಲು: ಈ ಫೈಲು ಬೇರೆ ಕಡೆ ತೆರೆದಿದೆ, ಮುಚ್ಚಿ ಮತ್ತೆ ಪ್ರಯತ್ನಿಸಿ. ನನ್ನ ಮೂಲೆಯ ಕಂಪ್ಯೂಟರಿನ ಮೌಸ್ ಅಲ್ಲಾಡಿಸಿದೆ. ಪರದೆ ಬೆಳಗಿತು. ಕಮಲಾಪುರ, ಇಡಿಯಾಗಿ, ಕಪ್ಪು ಅಂಚಿನ ಸಮೇತ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವನು ಗಾಬರಿಯಾಗಿ ನೀರು ತಂದುಕೊಟ್ಟ.

"ಆತು ಬಿಡು, ಉಳೀತಲ್ಲ. ಉಳದ ಊರೆಲ್ಲಾ ಸಾಫ್ ಮಾಡೀನಿ, ಈಗ ಜಾಗಕ್ಕೇನ್ ಕಮ್ಮಿ ಇಲ್ಲ," ಎಂದ.

ಆ ಮಾತು ಅವತ್ತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಅಷ್ಟು ಖುಷಿಯಲ್ಲಿದ್ದೆ. ಈ ಸಲ ಬಣ್ಣ ನೋಡಿ ಅಳಿಸುವ ಗೊಡವೆಗೇ ಹೋಗಲಿಲ್ಲ. ಡ್ರೋನ್ ಹಾರಿದ ಜಾಗದ ಗಡಿಗುಂಟ ಕೈಯಿಂದಲೇ ಗೆರೆ ಹಾಕಿ, ಅದರಾಚೆಯದನ್ನಷ್ಟೇ ತೆಗೆಸಿದೆ.

ಮರುದಿನ ಬೆಳಿಗ್ಗೆ ಅದೇ ಗೋಡೆಯ ಮೇಲೆ ಕಪ್ಪು ಹೊಲ ಬಂತು, ಹೊಲದ ಪಕ್ಕಕ್ಕೆ ಕಪ್ಪು ಮಾಡು ಬಂತು, ಸುತ್ತ ಸುಣ್ಣದ ಗೆರೆ ಬಂತು. ಅಧಿಕಾರಿ ಮನೆ ಎಂದು ಬರೆದುಕೊಂಡರು. ಹೊಲದವರು ಎದ್ದು ಹೊರಗೆ ಹೋದರು. ನಾನು ಅಂಗಳದೊಳಗಿನ ಒಂದು ಚುಕ್ಕೆ ತೋರಿಸಿ, "ಇದು ನೀವೇ ಖಾಲಾ, ಮ್ಯಾಲ ನೋಡಾಕತ್ತೀರಿ," ಎಂದೆ. ಅವರು ಗೋಡೆಯ ಹತ್ತಿರ ಹೋಗಿ ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು. ನಕ್ಕರು, ಕಣ್ಣೊರೆಸಿಕೊಂಡರು, ನನ್ನ ಗಲ್ಲ ಸವರಿ ನೆಟಿಕೆ ಮುರಿದರು.

ಆಮೇಲೆ ಬಾಳೆಹಣ್ಣಿನ ಚೀಲ ಕೈಗಿಡುತ್ತಾ ಕೇಳಿದರು: "ನನ್ನ ತಂಗಿ ಊರಿಂದೂ ನೀವೇ ಮಾಡೀರೇನು? ಅಲ್ಲಿ ಮಂದಿನ್ನ ಕರದು ತೋರಿಸಿದಾಗ ಆಕಿ ಜ್ವರಾ ಬಂದು ಮಲಗಿದ್ಳು, ಹೋಗಲಿಲ್ಲ. ಕಾರ್ಡ್ ಇನ್ನಾ ಬಂದಿಲ್ಲ ಅಂತಾಳ." ಊರಿನ ಹೆಸರು ಹೇಳಿದರು.

ಕಮಲಾಪುರಕ್ಕಿಂತ ಮೊದಲು ಕೊಟ್ಟು ಮುಗಿಸಿದ್ದ ಊರು ಅದು. ಸುತ್ತಲೂ ಎರೆ. ಅಂಚು ಎಷ್ಟು ಚೊಕ್ಕ ಬಂದಿದೆ ಎಂದು ಮಾಲೀಕರು ಹೊಗಳಿದ್ದ ಊರು. ಸಾಫ್ ಮಾಡೀನಿ ಎಂದ ಸಹೋದ್ಯೋಗಿಯ ಮಾತು ಆಗ ನನ್ನ ತಲೆಗೆ ಹೋಯಿತು. ಅದರ ಅಸಲು ಇನ್ನು ಎಲ್ಲಿಯೂ ಇರಲಿಲ್ಲ.

"ಕಡೀ ಮನಿ ಬೇಟಾ. ತಾಡಪತ್ರಿ ನೋಡಿದ್ರ ಗುರ್ತ ಸಿಗ್ತದ," ಎಂದರು ಖಾಲಾ. "ಅದೂ ಕಾಣ್ತದಲ್ಲ?"

ಈ ಸಲ ಅಂಜಬ್ಯಾಡ್ರಿ ಎನ್ನಲಿಲ್ಲ. ಆ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದೆ.