ಸೋತ ಮರುದಿನವೂ ಸುಣ್ಣದ ಗೆರೆ

ಆಂಧ್ರದ ಗಡಿಪಟ್ಟಣ ಹಿಂದೂಪುರದ ಪದವಿ ಕಾಲೇಜೊಂದರ ಹಿಂಬದಿ. ಇನ್ನೂ ನಸುಕು. ಮುತ್ಯಾಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಸ್ಕೆಟ್‌ಬಾಲ್ ಅಂಕಣದ ಮೇಲೆ ಉದುರಿದ ಹೊಂಗೆ ಎಲೆಗಳನ್ನು ಗುಡಿಸುತ್ತಿದ್ದಾರೆ. ಮಣ್ಣಿನ ಅಂಕಣ. ಗುಡಿಸಿದ ಮೇಲೆ ಧೂಳೇಳದಷ್ಟು ನೀರು ಚಿಮುಕಿಸುತ್ತಾರೆ. ಎರಡು ಗೂಟಗಳ ನಡುವೆ ದಾರ ಬಿಗಿದು, ಅದರ ಗುಂಟ ಸುಣ್ಣದ ಪುಡಿ ಉದುರಿಸುತ್ತ ಬಗ್ಗಿಕೊಂಡೇ ಹಿಂದಕ್ಕೆ ನಡೆಯುತ್ತಾರೆ. ಹುಡುಗಿಯರು ಬರುವ ಹೊತ್ತಿಗೆ ಮಣ್ಣು ಆರಿರಬೇಕು.

ಕಾಂಪೌಂಡಿನ ಆಚೆ ಟೀ ಅಂಗಡಿಯಲ್ಲಿ ಆಗಲೇ ಮಾತು ಕಾವೇರಿದೆ. 2009ರ ಅಂತರ ಕಾಲೇಜು ಪಂದ್ಯಗಳು ಇನ್ನೂ ಶುರುವಾಗಬೇಕಷ್ಟೆ. ಕಾಲೇಜಿನ ಹುಡುಗಿಯರ ತಂಡ ಒಂದು ಆಟವನ್ನೂ ಆಡಿಲ್ಲ. ಆದರೂ ಪಾಳಿ ಮುಗಿಸಿ ಬಂದ ರೇಷ್ಮೆ ಮಗ್ಗದವರು, ಹುಣಸೆ ಮಂಡಿಯ ಹಮಾಲರು ಗೆದ್ದು ತರುವ ಕಪ್ಪನ್ನು ಪ್ರಿನ್ಸಿಪಾಲರ ಕೋಣೆಯಲ್ಲಿಡಬೇಕೋ ಸಭಾಂಗಣದಲ್ಲಿಡಬೇಕೋ ಎಂದು ವಾದಿಸುತ್ತಿದ್ದಾರೆ. ‘ಈ ಸಾರಿ ಕಪ್ ಮನದೇ’ ಎಂದು ಒಬ್ಬ ತೆಲುಗಿನಲ್ಲಿ ಅಂದರೆ, ನಮ್ಮದೇ ನಮ್ಮದೇ ಎಂದು ಇನ್ನೊಬ್ಬ ಕನ್ನಡದಲ್ಲಿ ದನಿಗೂಡಿಸುತ್ತಾನೆ.

ಮುತ್ಯಾಲಮ್ಮ ಕೈ ನಿಲ್ಲಿಸದೆ ನಗುತ್ತಾರೆ. “ಪ್ರತಿ ವರ್ಸ ಇದೇ ಕಣಪ್ಪ. ಮೊದಲನೇ ಆಟ ಆಡೋಗಂಟ ಇವರ ಸಂಭ್ರಮ ನೋಡ್ಬೇಕು. ನಂಗೂ ಇಷ್ಟಾನೇ. ಜನ ಇದ್ರೆ ಹುಡುಗೀರ ಕಾಲು ನೆಲದ ಮ್ಯಾಲೆ ನಿಲ್ಲಲ್ಲ.”

ಬ್ರಹ್ಮಸಮುದ್ರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಗಂಡ ನರಸಪ್ಪ ಮಗ್ಗದ ಕೆಲಸಗಾರ, ಊರಿನಲ್ಲೇ ದೊಡ್ಡ ಬಾಸ್ಕೆಟ್‌ಬಾಲ್ ಅಭಿಮಾನಿ. ಹೆಂಡತಿ ಮೊದಲು ಕಾಲೇಜಿನ ಕೋಣೆಗಳನ್ನು ಗುಡಿಸುತ್ತಿದ್ದರು. ಅಂಕಣ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ, ದೈಹಿಕ ಶಿಕ್ಷಣದ ಅಶ್ವತ್ಥಪ್ಪ ಮೇಷ್ಟ್ರು ಸುಣ್ಣದ ಡಬ್ಬಿಯನ್ನು ಇವರ ಕೈಗಿಟ್ಟರು. ಮೊದಲ ಸಲ ಎಳೆದ ನಡು ವೃತ್ತ ಕುಂಬಳಕಾಯಿಯ ಹಾಗಿತ್ತಂತೆ. ಈಗ ಗೆರೆ ನೆಟ್ಟಗಿದೆ, ಮಂಡಿ ಮಾತ್ರ ಮಾತು ಕೇಳುವುದಿಲ್ಲ. ಬೇಸಗೆಯಲ್ಲಿ ಬೋರ್‌ವೆಲ್ ಕೈಕೊಟ್ಟರೆ ಹಾಸ್ಟೆಲಿನಿಂದ ಬಿಂದಿಗೆಯಲ್ಲಿ ನೀರು ಹೊರಬೇಕು. ಹರಿದ ಬಲೆಯನ್ನು ಮಗ್ಗದ ಉಳಿಕೆ ಹುರಿಯಿಂದ ಹೆಣೆಯುವವರೂ ಇವರೇ.

ಹಳೆಯದನ್ನು ಕೇಳಿದರೆ ಅವರ ಮಾತು ತಾನಾಗಿಯೇ 2001ಕ್ಕೆ ಹೋಗುತ್ತದೆ. ಅದರ ಹಿಂದಿನ ವರ್ಷ ತಂಡ ಫೈನಲ್‌ವರೆಗೆ ಹೋಗಿತ್ತು. ಪಕ್ಕದೂರು ಪರಿಗಿಯ ತನುಜಾ ಹೊಸ ಕ್ಯಾಪ್ಟನ್. ಅಭ್ಯಾಸ ನೋಡಲೆಂದೇ ಸಂಜೆ ಕಾಂಪೌಂಡಿನ ಮೇಲೆ ಜನ ಸಾಲಾಗಿ ಕೂರುತ್ತಿದ್ದ ಕಾಲ. ಬಸ್ಸಿನಲ್ಲಿ ತನುಜಾಗೆ ಸೀಟು ಬಿಟ್ಟುಕೊಡುತ್ತಿದ್ದರು. ಮೊದಲ ಪಂದ್ಯ ಕಲ್ಯಾಣದುರ್ಗದಲ್ಲಿ. ತಂಡದ ಹಿಂದೆ ಜೀಪುಗಳ ತುಂಬ ಊರಿನವರು ಹೊರಟರು. ನೀರಿನ ಕೊಡ, ಟವೆಲ್ಲು ನೋಡಿಕೊಳ್ಳಲೆಂದು ಮುತ್ಯಾಲಮ್ಮನೂ ಹೋದರು. ದಾರಿಯುದ್ದಕ್ಕೂ ಕಡಲೆಕಾಯಿ ಹೊಲಗಳಿಗೆ ಕೇಳುವಂತೆ ಕೂಗಾಟ.

ಅಲ್ಲಿ ಸೋತರು. ಅಂತಿಂಥ ಸೋಲಲ್ಲ. ಕಲ್ಯಾಣದುರ್ಗದ ಹುಡುಗಿಯರು ಗಾಳಿಯಂತೆ ಓಡಾಡಿದರು. ಇವರ ಕೈಯಲ್ಲಿ ಚೆಂಡೇ ನಿಲ್ಲಲಿಲ್ಲ. ಅರ್ಧ ಆಟಕ್ಕೇ ಹಿಂದೂಪುರದವರು ಒಬ್ಬೊಬ್ಬರಾಗಿ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಕಾಫಿಗೆ ಹೋದರು. ಮರಳುವಾಗ ಹುಡುಗಿಯರೂ ಊರಿನವರ ಜೀಪುಗಳನ್ನೇ ಹತ್ತಿದರು. “ಇವರನ್ನ ನಂಬ್ಕೊಂಡು ಇಷ್ಟು ದೂರ ಬಂದ್ವಲ್ಲ” ಎಂದು ಹಿಂದಿನಿಂದ ಯಾರೋ ಅಂದದ್ದು ತನುಜಾಗೆ ಕೇಳಿಸಿತು. ಅವಳು ಜೀಪಿನ ಕಂಬಿಗೆ ಹಣೆ ಆನಿಸಿ ಕೂತಳು. ಮನೆಯಲ್ಲಿ ನರಸಪ್ಪ, ಸೋತವಳು ಹೆಂಡತಿಯೇ ಎನ್ನುವಂತೆ ಮುನಿಸಿಕೊಂಡು ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮುತ್ಯಾಲಮ್ಮ ಗೆರೆ ಎಳೆದು ಕಾದರು. ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ತನುಜಾ ಇನ್ನು ಆಡುವುದಿಲ್ಲವಂತೆ ಎಂಬ ಸುದ್ದಿ ಬಂತು. ಅವಳಿಲ್ಲದೆ ಉಳಿದವರಿಗೂ ಮನಸ್ಸಿಲ್ಲ. ಹೀಗಾದರೆ ತಂಡವನ್ನು ಪಂದ್ಯಗಳಿಂದ ಹಿಂದೆಗೆದುಕೊಳ್ಳಬೇಕಾಗುತ್ತದೆ ಎಂದು ಅಶ್ವತ್ಥಪ್ಪ ಮೇಷ್ಟ್ರು ಹೇಳಿದ ಸಂಜೆ, ಮುತ್ಯಾಲಮ್ಮ ಯಾರಿಗೂ ಹೇಳದೆ ಪರಿಗಿಯ ಬಸ್ಸು ಹತ್ತಿದರು.

ತನುಜಾಳ ತಾಯಿ ಸಣ್ಣಕ್ಕ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಕೆಲಸ ಬಿಡದೆ ಮಾತಾಡಿದಳು. “ಗೆಲ್ತಾಳೆ ಅಂತ ಹೋದ ವಾರ ನಮ್ಮನೆ ಮುಂದೆ ನಿಂತ್ಕೊಂಡು ಮಾತಾಡ್ಸೋರು. ಈಗ ಬಸ್ಸಲ್ಲಿ ಮಕ ತಿರುಗಿಸ್ತಾರೆ. ಮಗೀಗೆ ಯಾಕೆ ಬೇಕಕ್ಕಾ ಈ ಆಟ?”

“ಊರೋರಿಗೆ ನಾನೇನು ಹೇಳ್ಲಿ ಸಣ್ಣಕ್ಕ,” ಎಂದರು ಮುತ್ಯಾಲಮ್ಮ. “ನಾಳೆ ಗೀಟು ಎಳ್ದಿರ್ತೀನಿ. ಬಂದ್ರೆ ಆಡ್ಲಿ. ಬರ್ದಿದ್ರೆ ನಾಡಿದ್ದೂ ಎಳೀತೀನಿ. ಅಷ್ಟೇ ಹೇಳಿ ಹೋಗಾನ ಅಂತ ಬಂದೆ.”

ಒಳಗೆ ಹುಳುವಿನ ತಟ್ಟೆಗಳ ಹಿಂದೆ ನಿಂತಿದ್ದ ತನುಜಾ ಹೊರಗೆ ಬರಲಿಲ್ಲ. ಆದರೆ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು, ಒಬ್ಬಳೇ. ಚೆಂಡು ಹಿಡಿದು ಎಸೆಯುವವರಿಲ್ಲ. “ಅಕ್ಕಾ, ನೀನು ಹಿಡ್ಕೊಡ್ತೀಯಾ?” ಎಂದಳು. ಅದುವರೆಗೆ ಚೆಂಡನ್ನು ಒರೆಸಿ ಕೋಣೆಯಲ್ಲಿಟ್ಟಿದ್ದೇ ಹೊರತು ಮುತ್ಯಾಲಮ್ಮ ಅದರಲ್ಲಿ ಆಡಿದವರಲ್ಲ. ಅವತ್ತು ಹಿಡಿಯಲು ಹೋಗಿ ಬೆರಳು ಉಳುಕಿಸಿಕೊಂಡರು, ಆದರೂ ಬಿಸಿಲೇರುವ ತನಕ ನಿಂತರು. “ನಾನು ಎಸೆದ್ರೆ ಚೆಂಡು ಅವಳ ಕಡೆ ಒಂದು ಬಿಟ್ಟು ಎಲ್ಲಾ ಕಡೆ ಹೋಗೋದು. ನಗ್ತಾ ನಗ್ತಾ ಓಡ್ದಳು. ಜೀಪಲ್ಲಿ ಕೂತಾಗಿಂದ ಅವಳು ನಕ್ಕಿದ್ದು ಅವತ್ತೇ.” ಆ ವಾರದಲ್ಲೇ ಉಳಿದ ಹುಡುಗಿಯರೂ ಬಂದರು.

ಕಪ್ ಆ ವರ್ಷ ಬರಲಿಲ್ಲ. ಆದರೆ ಕಲ್ಯಾಣದುರ್ಗದ ತಂಡ ಹಿಂದೂಪುರಕ್ಕೆ ಬಂದಾಗ ತನುಜಾಳ ಹುಡುಗಿಯರು ಗೆದ್ದರು. ನೋಡಲು ಬಂದಿದ್ದವರು ಬೆರಳೆಣಿಕೆಯ ಜನ. ಸಣ್ಣಕ್ಕ ಮಾತ್ರ ಸೊಪ್ಪಿನ ಕೆಲಸ ಬಿಟ್ಟು ಬಂದಿದ್ದಳು, ಆಟ ಮುಗಿಯುವ ತನಕ ಕೂರಲೇ ಇಲ್ಲ.

“ಈಗ ಯಾರನ್ನ ಕೇಳಿದ್ರೂ ಆ ಮ್ಯಾಚಿಗೆ ನಾನಿದ್ದೆ ಅಂತಾರೆ,” ಎಂದು ಮುತ್ಯಾಲಮ್ಮ ಬಾಯಿಗೆ ಸೆರಗು ಒತ್ತಿ ನಗುತ್ತಾರೆ. “ನಮ್ಮ ಯಜಮಾನ್ರೂ ಅಂತಾರೆ. ಅವತ್ತು ಅವರು ಮಗ್ಗದ ಮುಂದಿದ್ರು. ನಾನು ಸುಮ್ನಿರ್ತೀನಿ. ಹೇಳ್ಕಂಡು ಸಂತೋಸ ಪಡ್ಲಿ ಬಿಡು.”

ಆ ಮಣ್ಣಿನ ಅಂಕಣ ಇನ್ನು ಹೆಚ್ಚು ದಿನ ಇರುವುದಿಲ್ಲ. ಬರುವ ವರ್ಷ ಸಿಮೆಂಟು ಹಾಕಿ ಬಣ್ಣದ ಗೆರೆ ಬಳಿಯುತ್ತಾರಂತೆ. ಮುತ್ಯಾಲಮ್ಮ ಅಂಗೈಯಲ್ಲಿ ನೆಲ ಮುಟ್ಟಿ, ಆರಿದೆ ಎಂದು ತಲೆಯಾಡಿಸುತ್ತಾರೆ. ಹುಡುಗಿಯರು ಗೇಟಿನ ಬಳಿ ಬೂಟಿನ ಲೇಸು ಕಟ್ಟುತ್ತಿದ್ದಾರೆ. ಕಾಂಪೌಂಡಿನ ಮೇಲೆ ಜನ ಹತ್ತತೊಡಗಿದ್ದಾರೆ.

ಶನಿವಾರ ಇಲ್ಲಿಯೇ ಮೊದಲ ಪಂದ್ಯ, ಕಲ್ಯಾಣದುರ್ಗದವರ ಮೇಲೆ. ಆ ತಂಡಕ್ಕೆ ಈಗ ಆಟ ಹೇಳಿಕೊಡುವವರು ಆ ಊರಿಗೆ ಸೊಸೆಯಾಗಿ ಹೋದ ತನುಜಾ ಮೇಡಂ. ಕಲ್ಯಾಣದುರ್ಗಕ್ಕೆ ಮಣ್ಣು ಮುಕ್ಕಿಸಬೇಕೆಂದು ಟೀ ಅಂಗಡಿ ಪಟ್ಟು ಹಿಡಿದಿದೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಮುತ್ಯಾಲಮ್ಮ ಜನ ಕೂತ ಕಾಂಪೌಂಡಿನ ಕಡೆ ನೋಡಿ ದನಿ ತಗ್ಗಿಸುತ್ತಾರೆ.

“ನಮ್ಮ ಹುಡುಗೀರು ಗೆಲ್ಲಬೇಕು, ಅದು ಸರೇ. ಆದ್ರೆ ಆ ಕಡೆ ಕೂರೋಳೂ ನಮ್ಮೋಳೇ ಅಲ್ವೇನಪ್ಪ. ಯಾರು ಬಾಸ್ಕೆಟ್ ಹಾಕಿದ್ರೂ ನಾನು ಚಪ್ಪಾಳೆ ಹೊಡೀತೀನಿ. ಯಜಮಾನ್ರು ಬಯ್ತಾರೆ. ಬಯ್ಲಿ.”